ಹಾಯಿದೋಣಿಯ ಜಮಾಖರ್ಚು



ಹೋದ ತಿಂಗಳು ಒಂದು ರಾತ್ರಿ ಅಮೆರಿಕದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂದಿತು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಶರಾವತಿಯನ್ನು ಮಾರಿಬಿಟ್ಟೆ" ಎಂದ. ಶರಾವತಿ ಎಂಬುದು ಅವನ ಹಾಯಿದೋಣಿಯ ಹೆಸರು. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ದೋಣಿಯ ಮೇಲೆ ಹತ್ತಿಳಿಯುವುದು ಅವನಿಗೆ ಕಷ್ಟವಾಗಿತ್ತಂತೆ. ಕೊಂಡವರು ಒಳ್ಳೆಯ ಜನ, ಬೆಲೆಯೂ ಪರವಾಗಿಲ್ಲ ಎಂದೆಲ್ಲ ಹೇಳಿದನಾದರೂ ಅವನ ಧ್ವನಿಯಲ್ಲಿ ಹಗುರವಿರಲಿಲ್ಲ.

ದೋಣಿ ಇಟ್ಟುಕೊಂಡವರ ನಡುವೆ ಆ ದೇಶದಲ್ಲಿ ಒಂದು ಮಾತು ಬಳಕೆಯಲ್ಲಿದೆ. ದೋಣಿಯ ಒಡೆಯನಿಗೆ ಜೀವನದಲ್ಲಿ ಎರಡೇ ಸಂತೋಷದ ದಿನಗಳಂತೆ: ಕೊಂಡ ದಿನ ಮತ್ತು ಮಾರಿದ ದಿನ! ಈ ಮಾತನ್ನು ಮೊದಲು ಕೇಳಿದಾಗ ನಾನೂ ನಕ್ಕಿದ್ದೆ. ಈಗ ಅದು ಅರ್ಧ ಸತ್ಯ ಮಾತ್ರ ಎಂದು ನನ್ನ ಅಭಿಪ್ರಾಯ. ಯಾಕೆಂಬುದನ್ನು ನಿಮ್ಮ ಮುಂದಿಡಬೇಕೆನಿಸಿದೆ. ನಿಮ್ಮಲ್ಲಿ ಹಲವರು ಆ ದೇಶಗಳಲ್ಲಿದ್ದೀರಿ. ದೋಣಿಯಲ್ಲದಿದ್ದರೂ ಅಂಥದೇ ಯಾವುದೋ ಒಂದು ಹುಚ್ಚನ್ನು ಸಾಕಿಕೊಂಡಿದ್ದೀರಿ ಎಂಬುದೂ ನನಗೆ ಗೊತ್ತು.

ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಆಸುಪಾಸಿನಲ್ಲಿ. ನನ್ನ ಬಾಲ್ಯದಲ್ಲಿ ಹೆಂಚು, ಉಪ್ಪು, ತೆಂಗಿನಕಾಯಿಗಳನ್ನು ಹೊತ್ತ ಮಚವೆಗಳು ಹಾಯಿ ಬಿಚ್ಚಿಕೊಂಡು ಕರಾವಳಿಯುದ್ದಕ್ಕೂ ಓಡಾಡುತ್ತಿದ್ದವು. ಲಾರಿಗಳೂ ಇಂಜಿನ್ ದೋಣಿಗಳೂ ಬಂದ ಮೇಲೆ ಅವು ಒಂದೊಂದಾಗಿ ಮರೆಯಾದವು. ಮುಂದೆ ನಾನು ವಿಜ್ಞಾನದ ಮಾಸ್ತರನಾದೆ. ಬಲಗಳ ವಿಘಟನೆಯ ಪಾಠ ಬಂದಾಗಲೆಲ್ಲ ಕಪ್ಪು ಹಲಗೆಯ ಮೇಲೆ ಹಾಯಿದೋಣಿಯ ಚಿತ್ರ ಬರೆದು, ಗಾಳಿಯ ಬಲವನ್ನು ಎರಡು ಬಾಣಗಳಾಗಿ ಒಡೆದು, ದೋಣಿಯು ಗಾಳಿ ಬರುವ ಕಡೆಗೇ ಓರೆಯಾಗಿ ಸಾಗುವುದು ಹೇಗೆಂದು ವಿವರಿಸುತ್ತಿದ್ದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹೀಗೆ ಬೋಧಿಸಿದ ನಾನು ಒಮ್ಮೆಯೂ ಹಾಯಿದೋಣಿಯಲ್ಲಿ ಕುಳಿತಿರಲಿಲ್ಲ! 'ಸಮುದ್ರದ ನಂಟಸ್ತಿಕೆ, ಉಪ್ಪಿಗೆ ಬಡತನ' ಎಂಬ ಗಾದೆ ನನ್ನಂಥವರಿಗಾಗಿಯೇ ಹುಟ್ಟಿರಬೇಕು.

2014ರಲ್ಲಿ ನನ್ನ ಮಗಳ ಮನೆಗೆಂದು ಮೇರಿಲ್ಯಾಂಡಿಗೆ ಹೊರಟಿದ್ದೆ. ಹೊರಡುವ ಮುನ್ನಾದಿನ ಈ ವಿದ್ಯಾರ್ಥಿಯ ತಾಯಿ ಮನೆಗೆ ಬಂದರು. ಕೈಯಲ್ಲಿ ಮಗನಿಗೆ ಕೊಡಬೇಕಾದ ಹಪ್ಪಳದ ಕಟ್ಟು. "ಮಾಸ್ತರೇ, ಅವನು ದೋಣಿ ತಕ್ಕೊಂಡಿದ್ದಾನಂತೆ. ನೀವು ಹೇಳಿದರೆ ಕೇಳುತ್ತಾನೆ. ಅದನ್ನು ಮಾರಿಸಿ ಬನ್ನಿ" ಎಂದರು. ಅವರ ಭಯಕ್ಕೆ ಕಾರಣವಿತ್ತು. ಅವರ ಅಣ್ಣ ಮಚವೆಯ ಖಲಾಸಿಯಾಗಿದ್ದವರು. ಒಂದು ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಮುಂಬಯಿಯಿಂದ ಹೊರಟ ಆ ಮಚವೆ ಊರಿಗೆ ತಲುಪಲೇ ಇಲ್ಲ. "ಆಗಲಿ ಅಕ್ಕ, ಹೇಳುತ್ತೇನೆ" ಎಂದು ನಾನು ಮಾತು ಕೊಟ್ಟೆ.

ಮೇರಿಲ್ಯಾಂಡಿನ ಅನಾಪೊಲಿಸ್ ಪಟ್ಟಣವು ಚೆಸಪೀಕ್ ಕೊಲ್ಲಿಯ ದಡದಲ್ಲಿದೆ. ಆ ದೇಶದ ನೌಕಾ ಅಕಾಡೆಮಿ ಇರುವುದು ಅಲ್ಲಿಯೇ. ಕೊಲ್ಲಿಯ ಉದ್ದ ಸುಮಾರು 320 ಕಿಲೋಮೀಟರು, ಸರಾಸರಿ ಆಳವಾದರೋ ಬರೀ 21 ಅಡಿ. ದಡದುದ್ದಕ್ಕೂ ತೊರೆಗಳು, ನದೀಮುಖಗಳು, ಲಂಗರು ಹಾಕಲು ತಕ್ಕ ಮರೆಯ ಜಾಗಗಳು. ಹಾಯಿದೋಣಿಯವರಿಗೆ ಅದು ತವರುಮನೆಯಿದ್ದಂತೆ. ಶಿಷ್ಯನ ದೋಣಿ ಮೂವತ್ತು ಅಡಿ ಉದ್ದದ್ದು, ಫೈಬರ್‌ಗ್ಲಾಸಿನದು, ಅವನು ಕೊಳ್ಳುವ ಹೊತ್ತಿಗೇ ಇಪ್ಪತ್ತೈದು ವರ್ಷ ಹಳೆಯದಾಗಿತ್ತು. ಒಂದು ಹಳೆಯ ಕಾರಿನ ಬೆಲೆಗೆ ಸಿಕ್ಕಿತೆಂದು ಹಿಗ್ಗಿ ಕೊಂಡಿದ್ದನಂತೆ. ದೋಣಿಯ ಬೆಲೆ ಎಂಬುದು ಖರ್ಚಿನ ಮೊದಲ ಕಂತು ಮಾತ್ರ ಎಂಬುದು ಅವನಿಗೆ ತಿಳಿದದ್ದು ಆಮೇಲೆ.

ಮೊದಲ ಶನಿವಾರ ಬುತ್ತಿ ಕಟ್ಟಿಕೊಂಡು ಹೋದೆವು. ಇಂಜಿನ್ನು ಚಾಲೂ ಮಾಡಿದ ಐದೇ ನಿಮಿಷಕ್ಕೆ ಕಾವೇರಿತು. ಅದನ್ನು ತಂಪಾಗಿಡಲು ನೀರೆಳೆಯುವ ಪಂಪಿನೊಳಗೆ ಅಂಗೈಗಿಂತ ಚಿಕ್ಕದಾದ ರಬ್ಬರಿನ ಚಕ್ರವೊಂದಿರುತ್ತದೆ, ಅದರ ಎಸಳುಗಳು ಮುರಿದಿದ್ದವು. ಅವನು ತಲೆಕೆಳಗಾಗಿ ಇಂಜಿನ್ ಗೂಡಿನಲ್ಲಿ ತೂರಿಕೊಂಡು ಕೆಲಸ ಮಾಡುತ್ತಿದ್ದರೆ ನಾನು ಟಾರ್ಚು ಹಿಡಿದು ನಿಂತೆ. ಚಿತ್ರಾನ್ನವನ್ನು ಕಟ್ಟೆಗೆ ಬಿಗಿದ ದೋಣಿಯಲ್ಲಿಯೇ ಕುಳಿತು ಉಂಡೆವು. ಎರಡನೆಯ ಶನಿವಾರ ಇಂಜಿನ್ನು ಸರಿಯಿತ್ತು, ಗಾಳಿಯೇ ಇರಲಿಲ್ಲ. ಹಾಯಿಗಳು ಒಣಹಾಕಿದ ಪಂಚೆಯಂತೆ ಜೋಲುಬಿದ್ದವು. ಸೆಕೆ, ನೊಣ. ಈಜಿ ತಂಪಾಗೋಣವೆಂದರೆ ನೀರಿನ ತುಂಬ ತುರಿಸುವ ಲೋಳೆಮೀನು. ಇಂಜಿನ್ ಹಾಕಿ ಮರಳುವಾಗ ಏಡಿಯ ಬೋನಿಗೆ ಕಟ್ಟಿದ ಹಗ್ಗವು ದೋಣಿಯ ಕೆಳಗಿನ ಪಂಖಕ್ಕೆ ಸುತ್ತಿಕೊಂಡಿತು. ಲೋಳೆಮೀನುಗಳ ನಡುವೆಯೇ ಅವನು ಚೂರಿ ಹಿಡಿದು ನೀರಿಗಿಳಿಯಬೇಕಾಯಿತು. 'ಮಾರಿಬಿಡು ಮಾರಾಯ' ಎಂಬ ಮಾತು ಅಂದು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು.

ಇವಿಷ್ಟೇ ಅಲ್ಲ. ಚಳಿಗಾಲ ಬರುವ ಮುಂಚೆ ದೋಣಿಯನ್ನು ಕ್ರೇನಿನಿಂದ ದಡಕ್ಕೆತ್ತಿ, ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ದ್ರಾವಣ ತುಂಬಿ, ಹೊದಿಕೆ ಹೊದಿಸಬೇಕು. ವಸಂತದಲ್ಲಿ ತಳವನ್ನು ಉಜ್ಜಿ, ಚಿಪ್ಪುಜೀವಿಗಳು ಅಂಟದಂತೆ ತಾಮ್ರ ಬೆರೆತ ಬಣ್ಣ ಬಳಿಯಬೇಕು. ಲೋಹದ ಭಾಗಗಳ ಬದಲಿಗೆ ತಾನು ಸವೆದುಹೋಗಲೆಂದೇ ಸತುವಿನ ತುಂಡೊಂದನ್ನು ತಳದಲ್ಲಿ ಕಟ್ಟಿರುತ್ತಾರೆ, ಅದನ್ನೂ ಆಗಾಗ ಬದಲಿಸಬೇಕು. ಇದನ್ನೆಲ್ಲ ಕೇಳುವಾಗ ನನಗೆ ನಮ್ಮೂರೇ ನೆನಪಾಗುತ್ತಿತ್ತು. ಮಳೆಗಾಲದಲ್ಲಿ ದೋಣಿಗಳನ್ನು ದಂಡೆಗೆಳೆದು, ಹೆಣೆದ ತೆಂಗಿನ ಗರಿ ಹೊದಿಸಿ, ಮೀನೆಣ್ಣೆಯನ್ನೋ ಗೇರು ಎಣ್ಣೆಯನ್ನೋ ಸವರಿ, ಶ್ರಾವಣದ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಮತ್ತೆ ನೀರಿಗಿಳಿಸುತ್ತಿದ್ದರಲ್ಲ! ಅನಾಪೊಲಿಸಿನವರೂ ವಸಂತದ ಮೊದಲ ದಿನ ಒಟ್ಟುಗೂಡಿ ತಮ್ಮ ಕಾಲುಚೀಲಗಳನ್ನು ಬೆಂಕಿಗೆ ಹಾಕುತ್ತಾರೆ. ಇನ್ನು ಬರಿಗಾಲಿನಲ್ಲಿ ದೋಣಿಯೇರುವ ಕಾಲ ಬಂದಿತೆಂದು ಅದರ ಅರ್ಥ. ದೋಣಿಯನ್ನು ನಂಬಿದವರ ಪಂಚಾಂಗ ಎಲ್ಲೆಡೆಯೂ ಒಂದೇ ಬಗೆಯದು.

ಮೂರನೆಯ ಶನಿವಾರ ಬೆಳಿಗ್ಗೆ ಹದವಾದ ಗಾಳಿಯಿತ್ತು. ಕೊಲ್ಲಿಯನ್ನು ದಾಟಿ ಆಚೆ ದಡದ ಸೇಂಟ್ ಮೈಕಲ್ಸ್ ಎಂಬ ಊರಿಗೆ ಹೋಗಿ ರಾತ್ರಿ ಅಲ್ಲಿ ತಂಗುವುದೆಂದು ನಿಶ್ಚಯವಾಗಿತ್ತು. ಕಟ್ಟೆಯಿಂದ ಹೊರಬಂದು ಹಾಯಿಗಳನ್ನೇರಿಸಿ ಅವನು ಇಂಜಿನ್ನನ್ನು ನಿಲ್ಲಿಸಿದ. ಆ ಕ್ಷಣದ ನಿಶ್ಶಬ್ದವನ್ನು ನಾನು ಮರೆಯಲಾರೆ. ದೋಣಿ ಒಂದು ಮಗ್ಗುಲಿಗೆ ವಾಲಿತು, ನೀರು ಪಕ್ಕೆಗಳ ಗುಂಟ ಸರಸರನೆ ಹರಿಯತೊಡಗಿತು. "ಸರ್, ಚುಕ್ಕಾಣಿ ಹಿಡಿಯಿರಿ" ಎಂದ. ಗಾಳಿಗೆ ತೀರ ಎದುರಾಗಿ ತಿರುಗಿಸಿದರೆ ಹಾಯಿ ಪಟಪಟಿಸಿ ದೋಣಿ ನಿಂತುಬಿಡುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದರೆ ಮತ್ತೆ ಜೀವ ಬರುತ್ತದೆ. ಕಪ್ಪು ಹಲಗೆಯ ಮೇಲಿನ ಆ ಎರಡು ಬಾಣಗಳು ನನ್ನ ಅಂಗೈಯಲ್ಲಿ ಅಲುಗುತ್ತಿದ್ದವು. ನಮ್ಮ ವೇಗ 5 ನಾಟ್, ಎಂದರೆ ಗಂಟೆಗೆ 9 ಕಿಲೋಮೀಟರಿನಷ್ಟು. ನಮ್ಮೂರ ಅಂಚೆಯವನ ಸೈಕಲ್ಲು ಅದಕ್ಕಿಂತ ಬೇಗ ಹೋಗುತ್ತಿತ್ತು! ಆದರೂ ಅಷ್ಟು ದೂರ ನನ್ನನ್ನು ಯಾರೂ ಅಂದು ಕರೆದೊಯ್ದಿರಲಿಲ್ಲ ಎನಿಸಿತು.

1875ರಿಂದ ನೀರಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತಿರುವ ಥಾಮಸ್ ಪಾಯಿಂಟ್ ದೀಪಸ್ತಂಭದ ಬಳಿ ಬರುವಾಗ ಮಧ್ಯಾಹ್ನ. ಅದು ಆರು ಮೂಲೆಯ ಮರದ ಮನೆ, ನೋಡಲು ಬಲು ಚಂದ. ಅಲ್ಲಿ ಅವನು ರೇಡಿಯೋದಲ್ಲಿ ಹವಾಮಾನ ಕೇಳಿದ. ಪಶ್ಚಿಮದತ್ತ ಒಮ್ಮೆ ನೋಡಿದ. ಅಲ್ಲಿ ಸ್ವಲ್ಪ ಮಬ್ಬು, ಅಷ್ಟೇ. "ಸರ್, ಇವತ್ತು ಬೇಡ" ಎಂದು ದೋಣಿಯನ್ನು ತಿರುಗಿಸಿದ. ನನಗೆ ಬೇಸರವಾಯಿತು. ಸೂರ್ಯ ನೆತ್ತಿಯ ಮೇಲೆ ಹೊಳೆಯುತ್ತಿದ್ದ. ನಾಲ್ಕಾರು ದೋಣಿಗಳು ಆಚೆ ದಡದ ಕಡೆ ಸಾಗುತ್ತಲೇ ಇದ್ದವು. "ಹೆದರಿದೆಯಾ?" ಎಂದು ಕೇಳಿದೆ. "ಹೌದು ಸರ್" ಎಂದ, ಒಂದಿಷ್ಟೂ ಸಂಕೋಚವಿಲ್ಲದೆ.

ಹತ್ತಿರದ ರೋಡ್ ನದಿಯ ಮುಖದೊಳಗೆ ಹೋಗಿ ಲಂಗರು ಇಳಿಸಿದೆವು. ಆಳ ಹತ್ತು ಅಡಿಯಾದರೆ ಹಗ್ಗವನ್ನು ಎಪ್ಪತ್ತು ಅಡಿ ಬಿಡಬೇಕು, ಆಗ ಮಾತ್ರ ಎಳೆತ ಓರೆಯಾಗಿ ಬಿದ್ದು ಲಂಗರು ನೆಲ ಕಚ್ಚುತ್ತದೆ ಎಂದು ಈಗ ಅವನು ನನಗೆ ಪಾಠ ಹೇಳಿದ. ಹಾಯಿಗಳನ್ನು ಬಿಗಿದು ಕಟ್ಟಿ ಒಂದು ಗಂಟೆಯೂ ಆಗಿರಲಿಲ್ಲ. ಆಕಾಶ ಕಪ್ಪಾಗಿ ಗುಡುಗು, ಮಿಂಚು, ಬಿರುಗಾಳಿ ಒಟ್ಟಿಗೇ ಬಂದೆರಗಿದವು. ದೋಣಿ ಹಗ್ಗದ ತುದಿಯಲ್ಲಿ ಕಟ್ಟಿದ ಕರುವಿನಂತೆ ಅತ್ತಿತ್ತ ಎಗರಾಡಿತು. ಇಪ್ಪತ್ತು ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಅವನು ಸ್ಟೌ ಹಚ್ಚಿ ಅನ್ನಕ್ಕಿಟ್ಟ. ಊಟಕ್ಕೆ ಅವನಮ್ಮನ ಹಪ್ಪಳ.

ಆ ರಾತ್ರಿ ನಾನು ಅವನಮ್ಮನ ಮಾತನ್ನು ಅವನಿಗೆ ತಿಳಿಸಿದೆ. ನನ್ನದೊಂದು ಮಾತನ್ನೂ ಸೇರಿಸಬೇಕಿತ್ತು, 'ಮಾರು' ಎಂದು. ಅದನ್ನು ಸೇರಿಸಲಿಲ್ಲ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆಫೀಸಿನಲ್ಲಿ ನಾನು ತಪ್ಪು ಮಾಡಿದರೆ ಅದನ್ನು ಮುಚ್ಚಿಹಾಕಬಹುದು ಸರ್. ಇಲ್ಲಿ ಆಗುವುದಿಲ್ಲ" ಎಂದ.

ಊರಿಗೆ ಮರಳಿದ ಮೇಲೆ ಅವರ ಮನೆಗೆ ಹೋಗಿ, "ಅಕ್ಕ, ನಾನು ಮಾತು ಉಳಿಸಿಕೊಳ್ಳಲಿಲ್ಲ. ಆದರೆ ನಿಮ್ಮ ಮಗನಿಗೆ ಹಿಂದಿರುಗುವುದು ಗೊತ್ತಿದೆ" ಎಂದು ಹೇಳಿ ನಡೆದುದನ್ನೆಲ್ಲ ವಿವರಿಸಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಆ ತಾಂಡೇಲನಿಗೂ ಅವತ್ತು ಅಷ್ಟು ಬುದ್ಧಿ ಇದ್ದಿದ್ದರೆ..." ಎಂದಷ್ಟೇ ನುಡಿದರು. ಅವರ ಭಯ ಹೋಯಿತೆಂದು ಮಾತ್ರ ನಾನು ಹೇಳಲಾರೆ. 2019ರಲ್ಲಿ ತೀರಿಕೊಳ್ಳುವವರೆಗೂ, ಪ್ರತಿ ಭಾನುವಾರ ಬೆಳಿಗ್ಗೆ ಮಗನ ಕರೆ ಬರುವತನಕ ಅವರು ಚಹಾ ಕುಡಿಯುತ್ತಿರಲಿಲ್ಲ ಎಂದು ಅವರ ಸೊಸೆ ಆಮೇಲೆ ಹೇಳಿದಳು.

ಆದ್ದರಿಂದ ಹಾಯಿದೋಣಿಯ ಜಮಾಖರ್ಚನ್ನು ಬರೆಯುವುದಾದರೆ ಖರ್ಚಿನ ಕಡೆ ಬಣ್ಣ, ಬಾಡಿಗೆ, ವಿಮೆ, ಪಂಪುಗಳಷ್ಟೇ ಸಾಲವು. ತಾಯಿಯ ಆ ಚಹಾ, ಮನೆಯೊಡತಿ ಒಬ್ಬಳೇ ಕಳೆದ ಶನಿವಾರಗಳು ಎಲ್ಲವನ್ನೂ ಬರೆಯಬೇಕು. ಇವನ್ನು ಬರೆಯದೆ 'ಸ್ವಾತಂತ್ರ್ಯ', 'ಸಾಹಸ' ಎಂದು ಜಮಾದ ಕಡೆ ಮಾತ್ರ ತುಂಬುವವರ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಸಾಲ ಮಾಡಿ ದೋಣಿ ಕೊಳ್ಳುವವರನ್ನೂ ನಾನು ಮೆಚ್ಚುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನೀರಿನ ಮೇಲೂ ಸಲ್ಲುವ ಮಾತು. ದೋಣಿಯಲ್ಲಿ ಓಡಾಡಲು ದುಡ್ಡಿನ ರಾಶಿಯೇನೂ ಬೇಕಿಲ್ಲ. ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿಯನ್ನು ಮೊದಲು ಸುತ್ತಿದ ಜೋಶುವಾ ಸ್ಲೋಕಮ್, ಹೊಲದಲ್ಲಿ ಬಿದ್ದಿದ್ದ ಹಳೆಯ ದೋಣಿಯನ್ನು 13 ತಿಂಗಳು ತನ್ನ ಕೈಯಾರೆ ಕಟ್ಟಿ ನಿಲ್ಲಿಸಿದ. ಸಾಮಗ್ರಿಗೆ ಅವನಿಗಾದ ವೆಚ್ಚ 553 ಡಾಲರ್ 62 ಸೆಂಟ್. 1895ರಲ್ಲಿ ಹೊರಟವನು 1898ರಲ್ಲಿ ಮರಳಿದ.

ಇದು ಬರೀ ಪರದೇಶದವರ ಹುಚ್ಚೆಂದು ಹೇಳುವಂತೆಯೂ ಇಲ್ಲ. ನಮ್ಮ ನೌಕಾದಳದ ಅಭಿಲಾಷ್ ಟಾಮಿಯವರು 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆ ಮುರಿದುಕೊಂಡು ಹಿಂದೂ ಮಹಾಸಾಗರದ ನಡುವೆ ದಿನಗಟ್ಟಲೆ ಅಲುಗಾಡಲಾಗದೆ ಮಲಗಿದ್ದರು. ಅದೇ ಸ್ಪರ್ಧೆಗೆ 2022ರಲ್ಲಿ ಮತ್ತೆ ಹೊರಟು, 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು. ನೆರೆಯ ಗೋವೆಯಿಂದ 2017ರಲ್ಲಿ ಹೊರಟ ನೌಕಾದಳದ ಆರು ಮಂದಿ ಮಹಿಳೆಯರು 'ತಾರಿಣಿ'ಯಲ್ಲಿ ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಅಲ್ಲಿಗೇ ಮರಳಿದರು. ಮಚವೆಗಳು ಮರೆಯಾದ ನಮ್ಮ ಕರಾವಳಿಗೆ ಹಾಯಿ ಹೀಗೆ ಇನ್ನೊಂದು ಬಾಗಿಲಿನಿಂದ ಒಳಬಂದಿದೆ.

ಜಮಾದ ಕಡೆ ಏನು ಬರೆಯಲಿ? ನನ್ನ ದೃಷ್ಟಿಯಲ್ಲಿ ದೋಣಿ ಕೊಡುವ ದೊಡ್ಡ ಸುಖವೆಂದರೆ ವೇಗವಲ್ಲ, ನೋಟವೂ ಅಲ್ಲ. ಮನುಷ್ಯನು ತನ್ನ ಅಳತೆಯನ್ನು ಅರಿಯುವುದು. ಗಾಳಿಯನ್ನು ಬದಲಿಸಲು ನಮ್ಮಿಂದಾಗದು, ಹಾಯಿಯನ್ನು ಹೊಂದಿಸಿಕೊಳ್ಳಬಹುದು. ಎದುರುಗಾಳಿಯಲ್ಲೂ ಓರೆಯಾಗಿ, ಮತ್ತೆ ಮತ್ತೆ ದಿಕ್ಕು ಬದಲಿಸಿ ಮುಂದೆ ಹೋಗಬಹುದು. ಹೋಗಬಾರದ ದಿನ ನಾಚಿಕೆಯಿಲ್ಲದೆ ಮರಳಬಹುದು. ನಾನು ಎಷ್ಟೋ ಮಕ್ಕಳಿಗೆ 'ಮುಂದೆ ಹೋಗು' ಎಂದು ಕಲಿಸಿದೆ. 'ಹಿಂದಿರುಗುವುದೂ ಒಂದು ವಿದ್ಯೆ' ಎಂದು ಯಾರಿಗೂ ಕಲಿಸಲಿಲ್ಲ. ಪರೀಕ್ಷೆಯಲ್ಲಿ ಬಿದ್ದಾಗ, ಕೆಲಸ ಕೈಬಿಟ್ಟಾಗ ಊರಿಗೆ ಮರಳಲು ನಾಚಿ ದೂರವೇ ಉಳಿದ ಕೆಲವು ಮಕ್ಕಳ ಮುಖಗಳು ಇದನ್ನು ಬರೆಯುವಾಗ ಕಣ್ಣಮುಂದೆ ಬರುತ್ತಿವೆ. ಆ ಪಾಠವನ್ನು ಆ ಶಿಷ್ಯನಿಗೆ ನಾನು ಹೇಳಿಕೊಟ್ಟಿರಲಿಲ್ಲ. ದೋಣಿ ಹೇಳಿಕೊಟ್ಟಿತು. ಆ ಶಾಲೆಯ ಫೀಸು ಹೆಚ್ಚಾಯಿತೆಂದು ನಾನೀಗ ದೂರಲಾರೆ.

"ಮಾರಿದ ದಿನ ಸಂತೋಷವಾಯಿತೇನೋ?" ಎಂದು ಅವನನ್ನು ಕೇಳಿದೆ. "ಇಲ್ಲ ಸರ್. ಕೊಂಡವರ ಹುಡುಗನಿಗೆ ಲಂಗರು ಹಾಕುವುದನ್ನು ತೋರಿಸಿಕೊಟ್ಟು ಬಂದೆ" ಎಂದ. ಎಷ್ಟು ಅಡಿಗೆ ಎಷ್ಟು ಹಗ್ಗವೆಂದು ಹೇಳಿದೆಯಾ ಎಂದೆ. ಹೇಳಿದನಂತೆ. ಮಾಸ್ತರನಾದ ನನಗೆ ಅಷ್ಟು ಸಾಕು.

ನಿಮ್ಮೆಲ್ಲರಿಗೂ ಒಳಿತಾಗಲಿ. ನೀವು ಯಾವ ನೀರಿನಲ್ಲಿದ್ದರೂ ಭಾನುವಾರ ಬೆಳಿಗ್ಗೆ ಮನೆಗೊಂದು ಕರೆ ಮಾಡುವುದನ್ನು ಮರೆಯಬೇಡಿ.