ಎಳೆಯ ಮಾವಿಗೆ ಕತ್ತರಿ

ಹಿತ್ತಲಿನಲ್ಲಿ ಕಸಿಮಾವಿನ ಸಸಿಯೊಂದನ್ನು ನೆಟ್ಟು, ದಿನಕ್ಕೊಂದಾವರ್ತಿ ಅದರ ಕುಡಿಯನ್ನು ನೋಡಿ ಹಿಗ್ಗದ ಗೃಹಸ್ಥನು ವಿರಳ. ಆ ಕುಡಿಯನ್ನೇ ಕತ್ತರಿಸಬೇಕೆಂದು ಹೇಳಹೊರಟರೆ ವಾಚಕ ಮಹಾಶಯರು ನನ್ನನ್ನು ನಿರ್ದಯನೆಂದು ಭಾವಿಸಿಯಾರು. ಭಾವಿಸಲಿ. ಕತ್ತರಿ ಮುಟ್ಟದವನ ಪಾಡೇನಾಯಿತೆಂಬುದನ್ನು ಮೊದಲು ನಿವೇದಿಸುವೆನು. ಆ ಮನುಷ್ಯನು ನಾನೇ ಆದುದರಿಂದ ಯಾರ ಮುಲಾಜೂ ಇಲ್ಲ.

1998ರಲ್ಲಿ ನಮ್ಮ ಹಿತ್ತಲಿಗೆ ಒಂದು ಬಾದಾಮಿ ಸಸಿಯನ್ನು ತಂದೆನು. ಬೇರೆಡೆಗಳಲ್ಲಿ ಆಪೂಸು ಎನಿಸಿಕೊಳ್ಳುವ ಹಣ್ಣೇ ನಮ್ಮ ಕಡೆಯ ಬಾದಾಮಿ. ಕಸಿಯ ಸಸಿಯೆಂದರೆ ಒಂದೇ ದೇಹದಲ್ಲಿ ಎರಡು ಗಿಡ: ಬೇರು ನಾಟಿ ಮಾವಿನದು, ಮೇಲಿನ ಕಡ್ಡಿ ಜಾತಿಮಾವಿನದು, ನಡುವೆ ಕಸಿಯ ಗಂಟು. ಮಳೆ ಬಿದ್ದೊಡನೆ ಗಂಟಿನ ಕೆಳಗಿನಿಂದ ದಷ್ಟಪುಷ್ಟವಾದ ಚಿಗುರೊಂದು ಎದ್ದಿತು. ಎಷ್ಟು ಸೊಗಸಾಗಿ ಬೆಳೆಯುತ್ತಿದೆಯೆಂದು ನಾನು ಅದಕ್ಕೆ ಊರುಗೋಲನ್ನೂ ಕಟ್ಟಿದೆನು. ಏಳು ವರ್ಷಗಳ ತರುವಾಯ ಫಲ ಬಂದಿತು: ಬರಿಯ ನಾರು, ಹುಳಿ, ದೊಡ್ಡ ಗೊರಟೆ. ಸಸಿ ಮಾರಿದ ವೃದ್ಧ ತೋಟಗಾರನ ಬಳಿಗೆ ಹೋಗಿ, ನಾಲ್ಕು ಜನರೆದುರಿಗೆ ಅವನನ್ನು ವಂಚಕನೆಂದು ಕರೆದೆನು. ಆತನು, "ಬುಡದ ಚಿಗುರು ತೆಗೆದಿದ್ದಿರಾ, ಮೇಷ್ಟ್ರೇ?" ಎಂದಷ್ಟೇ ಕೇಳಿದನು. ಅದನ್ನು ಉದ್ಧಟತನವೆಂದು ಬಗೆದು ಹಿಂದಿರುಗಿದೆನು.

ಮರುವರ್ಷ ಬುಡದ ಮಣ್ಣನ್ನು ಬಿಡಿಸುತ್ತಿದ್ದಾಗ, ಕಾಂಡವು ಅರ್ಧ ನುಂಗಿದ್ದ ಒಣಗಿದ ಮೋಟೊಂದು ಕೈಗೆ ತಗುಲಿತು. ಅದೇ ನನ್ನ ಬಾದಾಮಿ! ನಾನು ಊರುಗೋಲು ಕೊಟ್ಟು ಸಾಕಿದ್ದುದು ನಾಟಿ ಬೇರಿನ ಚಿಗುರನ್ನು. ಅದು ಸಾರವನ್ನೆಲ್ಲ ತಾನೇ ಹೀರಿ ಮೇಲಿನ ಕಡ್ಡಿಯನ್ನು ಕೊಂದಿತ್ತು. ತೋಟಗಾರನ ಕ್ಷಮೆ ಬೇಡಲು ಹೋದೆನು. ಆ ತೋಟದ ಜಾಗದಲ್ಲಿ ನಿವೇಶನಗಳ ಕಲ್ಲುಗಳನ್ನು ನೆಟ್ಟಿದ್ದರು. ಆತನೆಲ್ಲಿಗೆ ಹೋದನೆಂಬುದು ಅಲ್ಲಿದ್ದವರಿಗೆ ತಿಳಿಯದು.

ಪರಿಹಾಸ್ಯವೇನೆಂದರೆ, ಶಸ್ತ್ರದ ಮಾತು ನನಗೆ ಹೊಸದಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಅಧ್ಯಾಯವೇ ಇದೆ. ಗಿಡದಿಂದ ಗಿಡಕ್ಕೆ ಇಪ್ಪತ್ತು ಮೊಳ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠವೆಂದೂ, ರೋಗಗೊಂಡ ಗಿಡಕ್ಕೆ ಮೊದಲು ಶಸ್ತ್ರದಿಂದ ಶೋಧನ ಮಾಡಿ ಅನಂತರ ವಾಯುವಿಳಂಗ, ತುಪ್ಪ, ಕೆಸರುಗಳನ್ನು ಲೇಪಿಸಬೇಕೆಂದೂ ಅಲ್ಲಿ ಹೇಳಿದೆ. ಇದನ್ನು ಹುಡುಗರಿಗೆ ಪಾಠ ಹೇಳಿದವನು ನಾನು. ಹಿತ್ತಲಿನಲ್ಲಿ ಮಾತ್ರ ಕೈ ಏಳಲಿಲ್ಲ.

ಕಳೆದ ವರ್ಷದ ಮಳೆಗಾಲದಲ್ಲಿ ಮತ್ತೊಂದು ಸಸಿಯನ್ನು ನೆಟ್ಟಿದ್ದೇನೆ. ಇದು ಮಲ್ಲಿಕಾ, ನೀಲಂ ಮತ್ತು ದಶೇರಿಗಳ ಸಂಕರದಿಂದ ಹುಟ್ಟಿದ ತಳಿ. ಗಂಟಿನ ಕೆಳಗೆ ಏನು ಚಿಗುರಿದರೂ ಬೆರಳುದ್ದವಾಗುವ ಮೊದಲೇ ಚಿವುಟುತ್ತಿದ್ದೇನೆ. ಇನ್ನು ತಲೆಯ ವಿಚಾರ. ಮಾವು ಎಡೆಬಿಡದೆ ಬೆಳೆಯುವ ಗಿಡವಲ್ಲ. ಒಂದು ಸಲ ಕೆಂಪನೆಯ ಚಿಗುರೊಡೆದು, ಅದು ಬಲಿತು ಕಡುಹಸುರಾದ ಮೇಲೆ ಕೆಲಕಾಲ ವಿಶ್ರಮಿಸುತ್ತದೆ. ಆ ವಿಶ್ರಾಂತಿಯಲ್ಲಿಯೇ, ಮಳೆ ಹೊಳವಾದ ದಿನ ನೋಡಿ, ನೆಲದಿಂದ ಎರಡು, ಎರಡೂವರೆ ಅಡಿಯ ಎತ್ತರದಲ್ಲಿ, ಕಸಿಗಂಟಿಗಿಂತ ಸಾಕಷ್ಟು ಮೇಲೆ, ಹರಿತವಾದ ಕತ್ತರಿಯಿಂದ ತುದಿಯನ್ನು ತೆಗೆಯತಕ್ಕದ್ದು.

ಎಲ್ಲಿ ಕತ್ತರಿಸಬೇಕೆಂಬುದರಲ್ಲಿಯೇ ಮರ್ಮವಿದೆ. ಪ್ರತಿ ಚಿಗುರಿನ ತುದಿಯಲ್ಲಿ ಎಲೆಗಳು ಬಳೆಯಂತೆ ಒತ್ತೊತ್ತಾಗಿ ಕೂಡಿರುತ್ತವೆ. ಆ ಬಳೆಯ ಮೇಲೆ ಕತ್ತರಿಸಿದರೆ ಒಂದೇ ಸ್ಥಳದಿಂದ ಅನೇಕ ಕವಲುಗಳು ಹೊರಟು ಒಂದನ್ನೊಂದು ನೂಕುತ್ತವೆ; ದೊಡ್ಡವಾದ ಮೇಲೆ ಫಲದ ಭಾರಕ್ಕೂ ಗಾಳಿಗೂ ಸೀಳುವುದು ಇಂತಹವೇ. ಬಳೆಯ ಕೆಳಗೆ ಕತ್ತರಿಸಿದರೆ ಕವಲು ಕಡಮೆ, ಅವುಗಳ ನಡುವೆ ಅಂತರ ಹೆಚ್ಚು. ಬೇರೆ ಬೇರೆ ದಿಕ್ಕಿಗೆ ಓರೆಯಾಗಿ ಹರಡಿದ ಮೂರು ಅಥವಾ ನಾಲ್ಕನ್ನು ಇಟ್ಟುಕೊಂಡು ಉಳಿದುದನ್ನು ತೆಗೆಯಬೇಕು. ಕಾಂಡಕ್ಕೆ ಅಂಟಿಕೊಂಡಂತೆ ನೆಟ್ಟಗೆ ಏರುವ ಕವಲು ಕಣ್ಣಿಗೆ ಅಂದವಾಗಿ ಕಂಡರೂ ನಂಬತಕ್ಕದ್ದಲ್ಲ; ಸಂದಿನಲ್ಲಿ ತೊಗಟೆ ಸಿಕ್ಕಿಕೊಂಡು ಅದರ ಹಿಡಿತ ದುರ್ಬಲವಾಗಿರುತ್ತದೆ. ಇಟ್ಟುಕೊಂಡ ಕೊಂಬೆಗಳು ಒಂದೂವರೆ ಅಡಿ ಬೆಳೆದು ಬಲಿತ ಮೇಲೆ ಇದೇ ಕ್ರಮದಿಂದ ಮತ್ತೊಮ್ಮೆ ತುದಿ ತೆಗೆದರೆ ಮರವು ಏಣಿಯಿಲ್ಲದೆ ಕೈಗೆಟಕುವಷ್ಟರಲ್ಲಿಯೇ ಹರಡುತ್ತದೆ.

ಸೊನೆ ಚರ್ಮವನ್ನು ಸುಡುವುದು. ಮುಖವನ್ನು ಹಿಂದಕ್ಕಿಟ್ಟುಕೊಳ್ಳಿರಿ, ಮಕ್ಕಳನ್ನು ದೂರವಿಡಿರಿ. ಗಾಯಕ್ಕೆ ವರಾಹಮಿಹಿರನ ತುಪ್ಪದ ಬದಲು ಬೋರ್ಡೋ ಮುಲಾಮು ಸಾಕು: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಿ ಕೂಡಿಸತಕ್ಕದ್ದು. ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ಕಿನ ಪಾತ್ರೆ ಇರಲಿ, ಕಬ್ಬಿಣದ್ದು ಕೂಡದು. ಫಲಕ್ಕೆ ಬಂದ ಮರವಾದರೆ ಕೊಯಿಲು ಮುಗಿದ ಕೂಡಲೇ ಸವರಬೇಕು. ಕಾರ್ತಿಕದವರೆಗೆ ತಡಮಾಡಿದರೆ ಹೊಸ ಚಿಗುರು ಬಲಿಯಲು ಅವಕಾಶ ಸಾಲದೆ ಆ ವರ್ಷದ ಹೂವು ತಪ್ಪೀತು.

ಹೂವೆಂದಾಗ ಮನೆಯ ವ್ಯಾಜ್ಯವೊಂದು ನೆನಪಾಯಿತು. ಕಸಿಗಿಡವು ನೆಟ್ಟ ವರ್ಷವೇ ಹೂಬಿಡುವುದುಂಟು. ಮೊದಲ ಮೂರು ವರ್ಷ ಅದನ್ನು ಕೀಳಬೇಕು. ಕಾಯಿಗೆ ಹೋಗುವ ಸತ್ತ್ವ ಬೇರಿಗೂ ಕೊಂಬೆಗೂ ಉಳಿಯಲೆಂದು. ಈ ಮಾಘದಲ್ಲಿ ನಮ್ಮ ಮಲ್ಲಿಕೆಗೆ ಆರು ಗೊಂಚಲು ಬಂದವು. "ಹೂ ಬಿಟ್ಟ ಗಿಡಕ್ಕೆ ಕೈ ಹಾಕುವುದುಂಟೇ? ನೀವು ಯಾವ ಶಾಸ್ತ್ರ ಓದಿದಿರೋ!" ಎಂದು ನಮ್ಮ ಮನೆಯವರು ಅಡ್ಡ ನಿಂತರು. ಹಿಂದಿನ ಮಾವಿನ ಕಥೆಯನ್ನು ನಾನು ನೆನಪಿಸಬೇಕಾಗಲಿಲ್ಲ. ಆ ಹುಳಿ ಕಾಯಿಗಳನ್ನು ಉಪ್ಪಿನಕಾಯಿ ಹಾಕಿದವರು ಅವರೇ. ಐದು ಗೊಂಚಲುಗಳನ್ನು ನಾನು ಕಿತ್ತೆನು. ಆರನೆಯದನ್ನು ಮುಟ್ಟಬೇಡಿರೆಂದರು. ಮರುದಿನ ಬೆಳಿಗ್ಗೆ ನೋಡುತ್ತೇನೆ, ಗಿಡದಲ್ಲಿ ಅದಿಲ್ಲ. ದೇವರ ಮಂಟಪದಲ್ಲಿ ನೀರಿನ ಪಂಚಪಾತ್ರೆಯೊಳಗಿತ್ತು.