ಸಾಮಾನ್ಯವೂ ಸಹಜವೂ

ಅರವತ್ತು ದಾಟಿದ ನಾಲ್ವರು ಒಂದೆಡೆ ಕುಳಿತರೆ, ಮಳೆಬೆಳೆಗಳಿಂದ ಮೊದಲಾದ ಮಾತು ಮಕ್ಕಳು ಮೊಮ್ಮಕ್ಕಳನ್ನು ಹಾದು ಕೊನೆಗೆ ರಕ್ತದ ಒತ್ತಡದಲ್ಲಿ ಬಂದು ನಿಲ್ಲುವುದು ಈ ಕಾಲದ ರೂಢಿಯಾಗಿದೆ. “ನನಗೆ ನೂರರವತ್ತು” ಎಂದು ಒಬ್ಬರೆಂದರೆ, “ನನಗೆ ನೂರೆಪ್ಪತ್ತು, ಆದರೂ ಒಂದು ತಲೆನೋವು ಸಹ ಇಲ್ಲ” ಎಂದು ಮತ್ತೊಬ್ಬರು ಧೈರ್ಯ ಹೇಳುವರು. “ಈ ವಯಸ್ಸಿಗೆ ಇದು ಸಹಜವೇ ಸರಿ” ಎಂಬ ತೀರ್ಪಿನೊಡನೆ ಸಭೆಯು ಮುಗಿಯುವುದು. ಆ ತೀರ್ಪಿನಲ್ಲಿರುವ ಒಂದು ಶಬ್ದವನ್ನು ಪರೀಕ್ಷಿಸುವುದೇ ಈ ತಿಂಗಳ ಲೇಖನದ ಉದ್ದೇಶವು.

‘ಸಹಜ’ವೆಂದರೆ ಒಡನೆ ಹುಟ್ಟಿದುದು, ವಸ್ತುವಿನ ಸ್ವಭಾವಕ್ಕೆ ಸೇರಿದುದು. ‘ಸಾಮಾನ್ಯ’ವೆಂದರೆ ಅನೇಕರಲ್ಲಿ ಸಮಾನವಾಗಿ ಕಾಣತಕ್ಕದ್ದು. ಈ ಎರಡು ಶಬ್ದಗಳನ್ನು ನಾವು ವ್ಯವಹಾರದಲ್ಲಿ ಒಂದೇ ಎಂಬಂತೆ ಬಳಸುತ್ತೇವೆ. ಆದರೆ ಊರಿನ ಬಾವಿಗಳೆಲ್ಲವೂ ಕೆಟ್ಟಿದ್ದರೆ ಕೆಟ್ಟ ನೀರು ಸಾಮಾನ್ಯವಾಯಿತೇ ಹೊರತು ಕುಡಿಯಲು ಯೋಗ್ಯವಾಗಲಿಲ್ಲವಷ್ಟೆ. ರಕ್ತದ ಒತ್ತಡದ ವಿಷಯವೂ ಹೀಗೆಯೇ.

ವೃದ್ಧರಲ್ಲಿ ಇದು ಸಾಮಾನ್ಯವೆಂಬುದರಲ್ಲಿ ಸಂದೇಹವಿಲ್ಲ. 2017-18ರಲ್ಲಿ ಭಾರತದಾದ್ಯಂತ ನಡೆದ ವೃದ್ಧಾಪ್ಯದ ಸಮೀಕ್ಷೆಯಲ್ಲಿ, 60 ವರ್ಷ ತುಂಬಿದವರ ಪೈಕಿ ನೂರಕ್ಕೆ ಸುಮಾರು 32 ಮಂದಿ ತಮಗೆ ಈ ವ್ಯಾಧಿಯಿರುವುದಾಗಿ ವೈದ್ಯರಿಂದ ತಿಳಿದುಬಂದಿದೆಯೆಂದು ಹೇಳಿದರು. ಇದು ತಿಳಿದವರ ಲೆಕ್ಕ ಮಾತ್ರ. ಅಳತೆಯನ್ನೇ ಮಾಡಿಸದವರು ಇದರೊಳಗೆ ಸೇರಿಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ವೈದ್ಯರು 1948ರಿಂದ ಕ್ರಮವಾಗಿ ಪರೀಕ್ಷಿಸುತ್ತ ಬಂದಿರುವರು. ಅಲ್ಲಿಂದ 2002ರಲ್ಲಿ ಪ್ರಕಟವಾದ ಲೆಕ್ಕದಂತೆ, 55 ಅಥವಾ 65ನೆಯ ವಯಸ್ಸಿನವರೆಗೆ ಈ ವ್ಯಾಧಿಯಿಲ್ಲದೆ ಇದ್ದವರಿಗೂ ಉಳಿದ ಆಯುಸ್ಸಿನಲ್ಲಿ ಅದು ಬರುವ ಸಂಭವವು ನೂರಕ್ಕೆ 90ರಷ್ಟು.

ಇದಕ್ಕೆ ಕಾರಣವೇನು? ಹೃದಯದಿಂದ ಹೊರಡುವ ಮಹಾಧಮನಿಯು ಯೌವನದಲ್ಲಿ ರಬ್ಬರಿನ ನಳಿಕೆಯಂತೆ ಹಿಗ್ಗಿ ಕುಗ್ಗುವುದು. ವಯಸ್ಸು ಕಳೆದಂತೆ ಅದರ ಗೋಡೆಯಲ್ಲಿನ ಹಿಗ್ಗುವ ಎಳೆಗಳು ಸವೆದು, ಗಡುಸಾದ ಎಳೆಗಳು ಹೆಚ್ಚುವುವು. ಆಗ ಹೃದಯದ ಪ್ರತಿಯೊಂದು ಮಿಡಿತದ ಪೆಟ್ಟೂ ತಗ್ಗದೆ ಮುಂದಕ್ಕೆ ಹೋಗುವುದು. ಆದುದರಿಂದಲೇ ವೃದ್ಧರಲ್ಲಿ ಅನೇಕರಿಗೆ ಮೇಲಿನ ಸಂಖ್ಯೆಯು ಏರಿದ್ದರೂ ಕೆಳಗಿನದು ಸರಿಯಾಗಿರುವುದು, ಅಥವಾ ಇಳಿದಿರುವುದು. ಕೆಳಗಿನದು ಸರಿಯಾಗಿದೆಯೆಂದು ನೆಮ್ಮದಿ ತಾಳಬಾರದು.

ಹಾಗಾದರೆ ಇದು ವಯಸ್ಸಿನ ಸ್ವಭಾವವೇ ಅಲ್ಲವೇ ಎಂದು ವಾಚಕರು ಕೇಳಬಹುದು. ದಕ್ಷಿಣ ಅಮೆರಿಕದ ಅರಣ್ಯವಾಸಿಗಳಾದ ಯಾನೊಮಾಮಿ ಜನರು ಆಹಾರಕ್ಕೆ ಉಪ್ಪನ್ನು ಬೆರೆಸುವ ಪದ್ಧತಿಯಿಲ್ಲದೆ ಬಾಳಿದವರು. ಅವರಲ್ಲಿ ವಯಸ್ಸಿನೊಡನೆ ಒತ್ತಡವು ಏರುವುದಿಲ್ಲವೆಂದು ಪರೀಕ್ಷೆಗಳಿಂದ ಕಂಡುಬಂದಿತು. ಅವರ ಜೀವನವು ಇತರ ವಿಷಯಗಳಲ್ಲಿಯೂ ನಮ್ಮದಕ್ಕಿಂತ ಭಿನ್ನವೆಂಬುದು ನಿಜ. ಆದರೂ ಮುಪ್ಪಿನ ಜೊತೆಯಲ್ಲಿ ಇದು ಎಲ್ಲೆಡೆಯೂ ಬಂದೇ ತೀರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇಷ್ಟು ಸಾಕು.

ಹಿಂದೆ ವೈದ್ಯರಲ್ಲಿಯೇ ಅನೇಕರು ಏರಿದ ಒತ್ತಡವನ್ನು ಮುಪ್ಪಿನ ಸ್ವಭಾವವೆಂದೆಣಿಸಿ, ವಯಸ್ಸಿಗೆ ನೂರನ್ನು ಕೂಡಿಸಿ ಅದೇ ತಕ್ಕ ಅಳತೆಯೆನ್ನುತ್ತಿದ್ದರು. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರಿಗೆ 1944ರ ಮಾರ್ಚಿಯಲ್ಲಿ ಒತ್ತಡವು 186/108 ಇತ್ತು. ಮರುವರ್ಷ ಏಪ್ರಿಲ್ 12ರಂದು ಅವರು ತಲೆನೋವೆಂದು ಹೇಳಿ ಕುಸಿದು, ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಅಂದು ತಕ್ಕ ಔಷಧಗಳೂ ಇರಲಿಲ್ಲ.

ಇಂದು ಔಷಧಗಳಿವೆ, ವೃದ್ಧರಿಗೂ ಅವು ಫಲಕಾರಿಯೆಂಬ ಪ್ರಮಾಣವೂ ಇದೆ. 60 ವರ್ಷ ಮೀರಿ ಮೇಲಿನ ಸಂಖ್ಯೆ ಮಾತ್ರ ಏರಿದ್ದವರಿಗೆ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗದ ಫಲವು 1991ರಲ್ಲಿ ಹೊರಬಿದ್ದಿತು. ಪಾರ್ಶ್ವವಾಯುವು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗಿತ್ತು. 80 ವರ್ಷ ದಾಟಿದವರಲ್ಲಿ ನಡೆದು 2008ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಮರಣಗಳೇ ಸುಮಾರು ಐದನೆಯ ಒಂದು ಪಾಲು ತಗ್ಗಿದುವು. ‘ಇನ್ನು ಈ ವಯಸ್ಸಿನಲ್ಲಿ ಔಷಧವೇಕೆ’ ಎನ್ನುವ ಹಿರಿಯರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗದು. ಬಹಳ ಮಂದಿ ಅಂಜುವುದು ಮರಣಕ್ಕಲ್ಲ, ಒಂದು ಕೈ ಒಂದು ಕಾಲು ಸ್ವಾಧೀನ ತಪ್ಪಿ ಪರರ ಕೈಯಿಂದ ತುತ್ತುಣ್ಣುವುದಕ್ಕೆ. ಈ ಗುಳಿಗೆಯು ಮುಖ್ಯವಾಗಿ ತಡೆಯುವುದು ಅದನ್ನೇ.

ಗೃಹಸ್ಥರು ಮಾಡಬೇಕಾದುದು ಕಷ್ಟವಾದುದೇನಲ್ಲ. ಹಿರಿಯರ ಅಳತೆಯನ್ನು ತೆಗೆಯುವಾಗ ಐದು ನಿಮಿಷ ಸುಮ್ಮನೆ ಕುಳ್ಳಿರಿಸಿ, ಬೆನ್ನಿಗೆ ಆಧಾರ ಕೊಟ್ಟು, ಪಾದಗಳು ನೆಲಕ್ಕೂರುವಂತೆಯೂ ತೋಳು ಎದೆಯ ಮಟ್ಟದಲ್ಲಿರುವಂತೆಯೂ ನೋಡಿಕೊಳ್ಳಬೇಕು. ಆ ಸಮಯದಲ್ಲಿ ಮಾತು ಬೇಡ. ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಹೊಗೆಸೊಪ್ಪುಗಳೂ ಬೇಡ. ಬೇರೆ ಬೇರೆ ದಿನಗಳಲ್ಲಿ ವೈದ್ಯರು ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದ್ದರೆ ಅದನ್ನು ವ್ಯಾಧಿಯೆಂದೇ ಎಣಿಸುವುದು ವಾಡಿಕೆ. ಗುಳಿಗೆ ತೆಗೆದುಕೊಳ್ಳುವ ವೃದ್ಧರಿಗೆ ನಿಂತಾಗಲೂ ಒಮ್ಮೆ ಅಳೆಯಿಸತಕ್ಕದ್ದು. ಎದ್ದೊಡನೆ ಒತ್ತಡವು ಕುಸಿದು ಬಿದ್ದು ಸೊಂಟ ಮುರಿದುಕೊಳ್ಳುವವರುಂಟು.

ಅಡಿಗೆಮನೆಯ ಪಾತ್ರವೂ ಸಣ್ಣದಲ್ಲ. ದಿನಕ್ಕೆ ಐದು ಗ್ರಾಮಿಗಿಂತ, ಅಂದರೆ ಒಂದು ಚಹಾ ಚಮಚೆಗಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಸಾರಿಗೆ ಹಾಕುವ ಉಪ್ಪನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳನ್ನು ಮರೆತರೆ ಪ್ರಯೋಜನವಿಲ್ಲ. ಮೊಣಕಾಲ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆಗಳಲ್ಲಿ ಹಲವು ಒತ್ತಡವನ್ನು ಏರಿಸುವುವೆಂಬುದನ್ನೂ ತಿಳಿದಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಅಳತೆಯು ಸರಿಹೋಯಿತೆಂದು ಗುಳಿಗೆಯನ್ನು ನಿಲ್ಲಿಸುವುದು, ಕೊಡೆಯ ಕೆಳಗೆ ನೆನೆಯಲಿಲ್ಲವೆಂದು ಮಳೆಯಲ್ಲಿಯೇ ಕೊಡೆಯನ್ನು ಮಡಿಸಿದಂತೆ. ಹೆಚ್ಚಿಸುವುದಾಗಲಿ ತಗ್ಗಿಸುವುದಾಗಲಿ ವೈದ್ಯರನ್ನು ಕೇಳಿಯೇ ಆಗಬೇಕು. ಈ ವ್ಯಾಧಿಯು ನೋವಿನಿಂದ ತನ್ನ ಇರವನ್ನು ತಿಳಿಸುವುದಿಲ್ಲ. ಅಳೆದವರಿಗೆ ಮಾತ್ರ ತಿಳಿಯುವುದು. ವಾಚಕರ ಮನೆಯಲ್ಲಿ ಹಿರಿಯರಿದ್ದರೆ ಈ ವಾರವೇ ಅಳೆಯಿಸಿ, ಸಂಖ್ಯೆಯನ್ನು ದಿನಾಂಕದೊಡನೆ ಪಂಚಾಂಗದ ಹಾಳೆಯಲ್ಲಿ ಬರೆದಿಡಲಿ. ತಮಗೆ ಮೂವತ್ತು ತುಂಬಿದ್ದರೆ ತಮ್ಮದನ್ನೂ ಅದರ ಕೆಳಗೆ ಬರೆಯಲಿ.