ಹೆಬ್ಬೆಟ್ಟು ಸವೆದವರಿಗೆ ಮೊಬೈಲ್ ಕಲಿಸೋರು ಯಾರು?

ಹೋದ ವಾರ ಹನೂರು ಕಡೆ ನಮ್ಮ ಅತ್ತೆ ಊರಿಗೆ ಹೋಗಿದ್ದೆ. ರಾಗಿ ಪೈರು ನೋಡ್ಕೊಂಡು ಬರೋಣ ಅಂತ ಹೋದವನು ಅರ್ಧ ದಿನ ಬಂಡೆ ಮೇಲೆ ಕೂತು ಮೊಬೈಲ್ ಹಿಡ್ಕೊಂಡಿದ್ದು ಬಂದೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದಿ.

ಅತ್ತೆಗೆ ಎರಡು ಎಕರೆ ಮಳೆ ನಂಬಿದ ಜಮೀನು. ಪಿಎಂ ಕಿಸಾನ್ ದುಡ್ಡು ಮೂರು ಕಂತಿಂದ ಬಂದಿಲ್ಲ. ಕಾರಣ, ಇ-ಕೆವೈಸಿ ಆಗಿಲ್ಲ. ಪೇಟೆಯ ಒಂದು ಸೇವಾ ಕೇಂದ್ರಕ್ಕೆ ನಾಲ್ಕು ಸಲ ಹೋಗಿದ್ದಾರೆ. ಹೆಂಗಸರಿಗೆ ಬಸ್ಸು ಫ್ರೀ ಇದ್ದರೂ ನಾಲ್ಕು ದಿನದ ಕೂಲಿ ಹೋಯ್ತಲ್ಲ, ಜೊತೆಗೆ ಹೋದಾಗೆಲ್ಲ ನೂರು ರೂಪಾಯಿ. ನಲವತ್ತು ವರ್ಷ ಕಳೆ ಕಿತ್ತ ಕೈ ಅದು. ಹೆಬ್ಬೆಟ್ಟಲ್ಲಿ ಗೆರೆಯೇ ಉಳಿದಿಲ್ಲ. ಮೆಷಿನ್ನು ಒಪ್ಪಲಿಲ್ಲ. "ನಿಮ್ದು ಬರಲ್ಲ ಅಜ್ಜಿ, ಮುಂದಿನ ವಾರ ಬನ್ನಿ" ಅಂತ ಕಳಿಸಿದ್ದಾರೆ. ಮುಂದಿನ ವಾರಕ್ಕೆ ಗೆರೆ ಹೊಸದಾಗಿ ಮೂಡುತ್ತಾ?

2023ರ ಜೂನ್‌ನಿಂದ ಪಿಎಂ ಕಿಸಾನ್ ಆ್ಯಪಲ್ಲಿ ಬರೀ ಮುಖ ತೋರಿಸಿ ಇ-ಕೆವೈಸಿ ಮಾಡಬಹುದು. ಬೆರಳೂ ಬೇಡ, ಒಟಿಪಿಯೂ ಬೇಡ. ಒಬ್ಬ ರೈತ ತನ್ನ ಮೊಬೈಲಿಂದಲೇ ಅಕ್ಕಪಕ್ಕದ 100 ಜನ ರೈತರಿಗೆ ಮಾಡಿಕೊಡಬಹುದು ಅಂತಲೂ ಆವಾಗಲೇ ಹೇಳಿದ್ದರು. ಅತ್ತೆಗೆ ಇದನ್ನ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಸಿಗ್ನಲ್ ಇಲ್ಲ. ಜಮೀನಿನ ಮೇಲ್ಗಡೆ ಬಂಡೆ ಹತ್ತಿದರೆ ಎರಡು ಕಡ್ಡಿ ಬರುತ್ತೆ. ಅಲ್ಲಿ ಕೂರಿಸಿ, ಸೆರಗು ಸರಿಸಿ, "ಕಣ್ಣು ಮಿಟುಕಿಸತ್ತೆ" ಅಂತ ಮೂರನೇ ಸಲಕ್ಕೆ ಆಯ್ತು. ನೋಡ್ತಿದ್ದಂಗೆ ಇನ್ನೂ ಐದು ಜನ ಆಧಾರ್ ಕಾರ್ಡು ಹಿಡ್ಕೊಂಡು ಬಂಡೆ ಹತ್ತಿದರು. ಎಲ್ಲರದ್ದೂ ಮುಗಿಸಿದೆ. ಏನೋ ಸಾಧಿಸಿದವನ ಥರ ಬೀಗ್ತಾ ಕೆಳಗಿಳಿದೆ.

ಆಗ ಅತ್ತೆ ಒಂದು ಮಾತು ಕೇಳಿದರು. "ಆಯ್ತು ಕನಪ್ಪ, ನೀನ್ ಬಂದೆ, ಮಾಡ್ಕೊಟ್ಟೆ. ಇನ್ನೊಂದ್ ದಪ ಕೇಳುದ್ರೆ ನಾ ಯಾರ್ನ ಹುಡುಕ್ಕೊಂಡ್ ಓಗ್ಲಿ?"

ಉತ್ತರ ಇರಲಿಲ್ಲ. ವಾಪಸ್ ಬರ್ತಾ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಎರಡು ಮೂರು ವರ್ಷದಿಂದ ಊರಲ್ಲಿ ಎಷ್ಟೋ ಜನಕ್ಕೆ ಪಹಣಿ ತೆಗೆದುಕೊಟ್ಟಿದ್ದೀನಿ, ಬೆಳೆ ಸಮೀಕ್ಷೆ ಮಾಡಿಕೊಟ್ಟಿದ್ದೀನಿ. ಕಲಿಸಿದ್ದು ಎಷ್ಟು ಜನಕ್ಕೆ? ಒಬ್ಬರಿಗೂ ಇಲ್ಲ. ನಮ್ಮ ಮನೆಯವರಿಗೇ ಕಲಿಸಿಲ್ಲ. "ಕೊಡು ಇಲ್ಲಿ, ನಾನ್ ಮಾಡ್ತೀನಿ" ಅಂತ ಕಿತ್ಕೊಳ್ಳೋದೇ ಅಭ್ಯಾಸ. ದುಡ್ಡು ಈಸ್ಕೊಳ್ಳಲ್ಲ ಅನ್ನೋದು ಬಿಟ್ಟರೆ ನಾನೂ ಒಬ್ಬ ಮಧ್ಯವರ್ತಿ ಆಗಿದ್ದೀನಿ.

ನಮ್ಮ ಸೀಮೆಗೆ ಇದು ಹೊಸದಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಮೊದಲು ಹೋಗಿದ್ದು ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ. 1905ಕ್ಕೆ ಬೆಂಗಳೂರಿಗೆ. ಭರಚುಕ್ಕಿ ಸದ್ದು ಕೇಳೋ ಊರುಗಳು ಸೀಮೆಎಣ್ಣೆ ಬುಡ್ಡಿ ಇಟ್ಕೊಂಡು ಎಷ್ಟು ವರ್ಷ ಕಾದವು ಅಂತ ನಿಮ್ಮನೆ ಹಿರಿಯರನ್ನ ಕೇಳಿ. ಇಂಟರ್ನೆಟ್ಟೂ ಅದೇ ದಾರೀಲಿ ಬರ್ತಾ ಇದೆ.

ಬಂದ ಅನುಕೂಲವನ್ನ ಅಲ್ಲಗಳೆಯಲ್ಲ. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಪಹಣಿ ತಾಲ್ಲೂಕು ಕಚೇರಿಯ ಕಂಪ್ಯೂಟರಲ್ಲಿ 15 ರೂಪಾಯಿಗೆ ಸಿಗೋ ಹಾಗಾಯ್ತು. ಅದಕ್ಕೂ ಮುಂಚೆ ಕೈಬರಹದ ಪಹಣಿಗೆ ಅಲೆದಿದ್ದು ನಮ್ಮಪ್ಪನಿಗೆ ಇನ್ನೂ ಮರೆತಿಲ್ಲ. ನಾನೇ ಬೆಳಗ್ಗೆ ರಾಮನಗರದ ಗೂಡಿನ ರೇಟು ಮೊಬೈಲಲ್ಲಿ ನೋಡ್ಕೊಂಡು, ಕೊಳ್ಳೇಗಾಲಕ್ಕೆ ಹಾಕೋದೋ ಅಲ್ಲಿಗೆ ಹೋಗೋದೋ ಅಂತ ತೀರ್ಮಾನ ಮಾಡ್ತೀನಿ. ಆದರೆ ಈಗ ಎಲ್ಲ ಹಕ್ಕೂ ಈ ತೂತಿನಲ್ಲೇ ತೂರಬೇಕು. ಫ್ರೂಟ್ಸ್ ಐಡಿ ಇಲ್ಲದೆ ಸಬ್ಸಿಡಿ ಇಲ್ಲ. 2023ರ ಬರಗಾಲದ ಪರಿಹಾರ ಅದೇ ಫ್ರೂಟ್ಸ್ ದಾಖಲೆ ನೋಡಿ ಖಾತೆಗೆ ಬಂತು. ದಾಖಲೆಯಲ್ಲಿ ಇಲ್ಲದವನ ಹೊಲ ಒಣಗಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಇದರಲ್ಲಿ ಎರಡು ಸಮಸ್ಯೆ ಇದೆ, ನಾವು ಎರಡನ್ನೂ ಕಲಸಿಬಿಡ್ತೀವಿ. ಒಂದು ಸಿಗ್ನಲ್, ಇನ್ನೊಂದು ಕಲಿಕೆ.

ಮಾದಪ್ಪನ ಬೆಟ್ಟದ ಕಾಡಂಚಿನ ಇಂಡಿಗನತ್ತ, ಮೆಂದಾರೆ ಕಡೆಯವರಿಗೆ ರಸ್ತೆಯಿಂದ ಹಿಡಿದು ಎಲ್ಲದಕ್ಕೂ ಹೋರಾಟ. 2024ರ ಲೋಕಸಭೆ ಚುನಾವಣೆಯಲ್ಲಿ ಇಂಡಿಗನತ್ತದ ಮತಗಟ್ಟೆಯಲ್ಲಿ ಗಲಾಟೆಯಾಗಿ ಮರುಮತದಾನ ಆಗಿದ್ದು ನಿಮಗೆ ಗೊತ್ತೇ ಇದೆ. ಯಂತ್ರ ಒಡೆದದ್ದು ಸರಿ ಅಂತ ನಾನು ಹೇಳಲ್ಲ. ಆದರೆ ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳೂ ಕಾಡೊಳಗೇ ಇವೆ. ಅರಣ್ಯದಲ್ಲಿ ಟವರ್ರಿಗೂ ಕಂಬಕ್ಕೂ ಅನುಮತಿ ಬೇಕು, ಕಾಡೂ ಉಳೀಬೇಕು, ಒಪ್ಪೋಣ. ಹಾಗಾದರೆ ಸಿಗ್ನಲ್ ಸಿಗದ ಊರಿಗೆ ಆನ್‌ಲೈನ್ ಕಡ್ಡಾಯ ಅನ್ನೋದನ್ನೂ ಬಿಡಬೇಕು. ಅಂಥ ಕಡೆ ಅಧಿಕಾರಿಗಳೇ ತಿಂಗಳಿಗೊಂದು ದಿನ ಪೋಡಿಗೆ ಬರಲಿ, ಕಾಗದದ ಅರ್ಜಿ ತಗೊಳ್ಳಲಿ. ಕೇಂದ್ರ 2022ರಲ್ಲಿ ಸಿಗ್ನಲ್ ಇಲ್ಲದ ಹಳ್ಳಿಗಳಿಗೆಲ್ಲ 4ಜಿ ಅಂತ ಸಾವಿರಾರು ಕೋಟಿಯ ಯೋಜನೆ ಒಪ್ಪಿತು. ಪಟ್ಟಿಯಲ್ಲಿ ನಮ್ಮ ಊರು ಇದೆಯಾ ಅಂತ ಗ್ರಾಮಸಭೆಯಲ್ಲಿ ಕೇಳೋದು ನಮ್ಮ ಕೆಲಸ.

ಇಂಗ್ಲೆಂಡಿನ ಲ್ಯಾಂಕಾಶೈರ್ ಕಡೆ ಹಳ್ಳಿಗಳಿಗೆ ದೊಡ್ಡ ಕಂಪನಿಗಳು ಬರಲಿಲ್ಲ, ಲಾಭ ಇಲ್ಲ ಅಂತ. 2011ರಲ್ಲಿ ಅಲ್ಲಿನವರು ತಾವೇ ಒಂದು ಸೊಸೈಟಿ ಮಾಡ್ಕೊಂಡರು. ಹೆಸರು ಬಿ4ಆರ್‌ಎನ್, ಬಾಯಲ್ಲಿ 'ಬಾರ್ನ್' ಅಂತಾರೆ, ಅಂದರೆ ಕೊಟ್ಟಿಗೆ. ರೈತರು ತಮ್ಮ ಹೊಲದಲ್ಲೇ ಕಾಲುವೆ ತೋಡಿ ಫೈಬರ್ ಕೇಬಲ್ ಹೂಳೋಕೆ ಜಾಗ ಬಿಟ್ಟುಕೊಟ್ಟರು. ನಾವು ನಾಳೆಯೇ ಕೇಬಲ್ ಹೂಳೋಣ ಅಂತಲ್ಲ. ಹೊರಗಿನವರು ಬರೋವರೆಗೂ ಕೈ ಕಟ್ಟಿ ಕೂರಬೇಕಿಲ್ಲ ಅನ್ನೋದಕ್ಕೆ ಹೇಳಿದೆ.

ಕಲಿಕೆಗಂತೂ ಯಾರ ಅನುಮತಿಯೂ ಬೇಡ. "ಹುಡುಗರಿಗೆ ಗೊತ್ತಲ್ಲ" ಅಂತೀರ. ರೀಲ್ಸು ಗೊತ್ತು, ಫ್ರೂಟ್ಸ್ ಗೊತ್ತಿಲ್ಲ. ಗೊತ್ತಿರೋ ಹುಡುಗರು ಬೆಂಗಳೂರಲ್ಲಿದ್ದಾರೆ. "ಕಲಿಸಿದರೆ ಮೋಸ ಹೋಗ್ತಾರೆ" ಅಂತ ಇನ್ನೊಂದು ಮಾತು. ನಾನು ನೋಡಿದ ಮಟ್ಟಿಗೆ ಮೋಸ ಹೋಗೋದು ಕಲಿಯದೆ ಕಂಡವರ ಕೈಗೆ ಫೋನು ಕೊಟ್ಟವರು, ಕೇಳಿದ ತಕ್ಷಣ ಒಟಿಪಿ ಹೇಳಿದವರು. ದುಡ್ಡು ಹೋದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಬೇಕು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನನ್ನ ಅಭಿಪ್ರಾಯ ಇಷ್ಟೇ. ಪಂಚಾಯ್ತಿ ಲೈಬ್ರರಿಗಳನ್ನ ಈಗ ಅರಿವು ಕೇಂದ್ರ ಅಂತ ಮಾಡಿದ್ದಾರೆ. ವಾರಕ್ಕೊಂದು ಸಂಜೆ ಅಲ್ಲಿ ಕೂರೋಣ. ನಾಲ್ಕೇ ಪಾಠ ಸಾಕು: ತನ್ನ ಪಹಣಿ ತಾನೇ ನೋಡೋದು, ಕಂತು ಬಂತಾ ಅಂತ ನೋಡೋದು, ಬೆಳೆ ಸಮೀಕ್ಷೆ ಫೋಟೋ ತೆಗೆಯೋದು, ಒಟಿಪಿ ಯಾರಿಗೂ ಹೇಳದೆ ಇರೋದು. ಹೆಂಗಸರಿಗೆ ಸಂಜೆ ಆಗಲ್ಲ, ಅವರ ಸಂಘದ ದಿನವೇ ಅಲ್ಲಿಗೆ ಹೋಗೋಣ. ಒಂದೇ ನಿಯಮ: ಫೋನು ಕಲಿಯೋರ ಕೈಯಲ್ಲೇ ಇರಬೇಕು. ಕಲಿಸೋನು ಮುಟ್ಟಬಾರದು. ನಮ್ಮಂಥವರಿಗೆ ಇದೇ ಕಷ್ಟ.

ಮನೆಯಲ್ಲಿ ಶುರು ಮಾಡಿದೆ. ನಮ್ಮನೆಯವರು ತಮ್ಮ ಹೆಸರಿನ ಅರ್ಧ ಎಕರೆ ಪಹಣಿಯನ್ನ ಮೊನ್ನೆ ತಾವೇ ತೆಗೆದರು. ಇಪ್ಪತ್ತು ನಿಮಿಷ ಹಿಡೀತು. ನಾನು ಮಾಡಿದ್ದರೆ ಎರಡು ನಿಮಿಷ. ಸುಮ್ಮನೆ ಕೂರೋಕೆ ಕೈ ಕಟ್ಕೊಂಡಿದ್ದೆ. ತೆಗೆದಾದ ಮೇಲೆ ಅವರು, "ಇದ್ರಲ್ಲಿ ಬೆಳೆ ತಪ್ಪು ಬರ್ದವ್ರಲ್ಲ, ಇಪ್ಪುನೇರಳೆ ಎಲ್ಲಿ?" ಅಂದರು. ಇಷ್ಟು ವರ್ಷ ನಾನೇ ತೆಗೀತಿದ್ದೆ, ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಅತ್ತೆ ಊರಿಗೆ ಈ ಭಾನುವಾರ ಮತ್ತೆ ಹೋಗ್ತೀನಿ. ಕೊಳ್ಳೇಗಾಲ, ಯಳಂದೂರು ಕಡೆಯಿಂದ ಬರೋರಿದ್ದರೆ ಹೇಳಿ, ಒಟ್ಟಿಗೆ ಹೋಗೋಣ. ಬಂಡೆ ಮೇಲೆ ಜಾಗ ಇದೆ.